ಟೈಲರ್ ಅಂಗಡಿ ಒಂದಡಿ ಬೆಳೆದ ಬಗೆ

ಮಾನ್ಯ ಸರ್ವೆ ಅಧಿಕಾರಿಗಳೇ,

ಹತ್ತೊಂಬತ್ತು ಅಡಿ ಉದ್ದದ ನನ್ನ ಟೈಲರ್ ಅಂಗಡಿ ಈಗ ಇಪ್ಪತ್ತು ಅಡಿಯಾಗಿದೆಯೆಂದೂ, ಬೀದಿಗೆ ಚಾಚಿದ ಆ ಒಂದಡಿಯನ್ನು ಸೋಮವಾರ ಒಡೆಯುತ್ತೇವೆಂದೂ ತಮ್ಮ ನೋಟಿಸು ಹೇಳುತ್ತದೆ. ಕಟ್ಟಡಕ್ಕೂ ಬೆಳೆಯುವ ವಯಸ್ಸಿರುತ್ತದೆಂದು ನನಗೆ ಗೊತ್ತಿರಲಿಲ್ಲ ಸ್ವಾಮಿ.

ಈ ವರ್ಷ ನಮ್ಮ ಬಾಗಿಲಿಗೆ ಬಂದವರೆಲ್ಲ ಸರ್ವೆಯವರೇ. ತಲೆ ಎಣಿಸಿ ಚೀಟಿ ಅಂಟಿಸಿದ್ದು ಸರ್ವೆ. ಯಾವ ಸೋಪು ಬಳಸುತ್ತೀರಿ ಎಂದು ಕೇಳಿದ್ದೂ ಸರ್ವೆ. ಯಾರು ಗೆಲ್ಲಬಹುದೆಂದು ಕೇಳಿ, ನಾನು ಬಾಯಿ ಬಿಡುವ ಮೊದಲೇ ಬರೆದುಕೊಂಡದ್ದೂ ಸರ್ವೆ. ಇನ್ನೊಬ್ಬರು ಕೈಕಟ್ಟಿಕೊಂಡು ಬೀದಿಯ ಆ ತುದಿವರೆಗೆ ನಡೆದು ಹೋದರು. ಅದು ಸ್ಥಳ ಸರ್ವೆಯಂತೆ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ನಾವು ಯಾವುದಕ್ಕೆ ಕುರ್ಚಿ ಹಾಕಬೇಕು, ಯಾವುದಕ್ಕೆ ಹೆದರಬೇಕು? ತಮ್ಮ ಸರ್ವೇಯರ್ ಬಂದಾಗ ಇದು ಸೋಪಿನದಿರಬೇಕೆಂದು ಹಲ್ಲು ಕಿರಿದು ಕುರ್ಚಿ ಹಾಕಿದೆ.

ಅವರು ಅಳತೆ ಟೇಪನ್ನು ಆಫೀಸಿನಲ್ಲೇ ಮರೆತು ಬಂದಿದ್ದರು. ನನ್ನ ಕತ್ತಿನಲ್ಲಿದ್ದುದನ್ನು ಕೇಳಿ ತೆಗೆದುಕೊಂಡರು. ಈಗ ಕಸುಬಿನ ಗುಟ್ಟೊಂದನ್ನು ಹೇಳಲೇಬೇಕು. ತುದಿ ಸವೆದು ನೂಲು ಬಿಟ್ಟಿದ್ದರಿಂದ ಆ ಟೇಪಿನ ಮೊದಲ ಮೂರು ಇಂಚನ್ನು ನಾನು ಎಂದೋ ಕತ್ತರಿಸಿ ಎಸೆದಿದ್ದೇನೆ. ಸೊಂಟ ಮೂವತ್ತೇಳು ಎಂದು ತೋರಿಸಿದರೆ ನನ್ನ ಕೈ ತಾನಾಗಿ ಮೂವತ್ತನಾಲ್ಕು ಬರೆಯುತ್ತದೆ. ಸರ್ವೇಯರ್ ಸಾಹೇಬರ ಕೈಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಅರವತ್ತು ಇಂಚೆಂದು ನಂಬಿ ನಾಲ್ಕು ಸಲ ಹಾಸಿದರು. ಸಲಕ್ಕೆ ಮೂರರಂತೆ ಹನ್ನೆರಡು ಇಂಚು, ಪೂರ್ತಿ ಒಂದಡಿ, ಅಲ್ಲೇ ಹುಟ್ಟಿತು.

ನೋಟಿಸು ಬಂದ ದಿನ ನನ್ನ ಹೆಂಡತಿ ಕೇಳಿದಳು, "ಅವರು ಅಳೀವಾಗ ನೀವೇನ್ ಮಾಡ್ತಿದ್ರಿ?"

"ಅವರ ಪ್ಯಾಂಟ್ ನೋಡ್ತಿದ್ದೆ ಕಣೆ. ಎಡಗಾಲು ಅರ್ಧ ಇಂಚು ಗಿಡ್ಡ ಹೊಲಿದಿದ್ದಾರೆ."

ಹೌದು, ನಾನೂ ಒಂದು ಸರ್ವೆಯಲ್ಲಿ ಮುಳುಗಿದ್ದೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಬಿಡದೆ ಇನ್ನೇನು? ಗೋಡೆಗೆ ಸೇರಿಸಿ ಕಟ್ಟಿದ, ಬಟ್ಟೆ ಕತ್ತರಿಸುವ ಮೇಜಿಗೂ ಮುಂದಿನ ಕಿಟಕಿಗೂ ನಡುವೆ ಅವಳ ಹೊಲಿಗೆ ಯಂತ್ರ ಹಿಡಿಯುವಷ್ಟೇ ಜಾಗ. ಕಣ್ಣು ಮಂಜಾದ ಮೇಲೆ ಅವಳು ದಾರ ಪೋಣಿಸುವುದು ಆ ಕಿಟಕಿಯ ಬೆಳಕಿನಲ್ಲೇ. ಒಂದಡಿ ಹೋದರೆ ಯಂತ್ರ ಹಿಂದಿನ ಕತ್ತಲೆ ಕೋಣೆಗೆ, ಅವಳ ಮೂವತ್ತು ವರ್ಷದ ಕೆಲಸ ಮೂಲೆಗೆ.

ತಕರಾರು ಹೇಳಲು ಬಂದರೆ ತಮ್ಮ ಗುಮಾಸ್ತರು, ಅಳತೆಯ ದಿನ ಸರ್ವೇಯರ್ ಕೊಟ್ಟು ನಾನೇ ಸಹಿ ಹಾಕಿದ ಇನ್ನೊಂದು ಸರ್ವೆಯ ಹಾಳೆ ತೋರಿಸಿದರು. ಅಳತೆಯ ಕೆಲಸ ಹೇಗಿತ್ತು ಎಂಬುದಕ್ಕೆ 'ಅತ್ಯಂತ ತೃಪ್ತಿಕರ' ಎಂದು ಗುರುತು ಹಾಕಿದ್ದೇನೆ. ತೃಪ್ತರಾದವರು ತಕರಾರು ಮಾಡಲು ಫಾರಂ ಇಲ್ಲವಂತೆ. ಎದುರಿಗೇ ಕೂತವರ ಮುಖ ನೋಡಿಕೊಂಡು 'ಅತೃಪ್ತಿಕರ' ಎಂದು ಬರೆಯುವುದು ಯಾವ ಮರ್ಯಾದೆ ಸ್ವಾಮಿ?

ಆದ್ದರಿಂದ ಸೋಮವಾರಕ್ಕೆ ಮುಂಚೆ ತಮ್ಮ ಆಫೀಸಿನ ಟೇಪು ಕಳಿಸಿ, ಇನ್ನೊಮ್ಮೆ ಅಳೆಯಿಸಿ. ಅಂಗಡಿ ಹತ್ತೊಂಬತ್ತೇ ಅಡಿ ಇದ್ದರೆ ತಪ್ಪಾಯಿತೆಂದು ನನಗೆ ಬರೆಯಬೇಡಿ, ಬಂದು ನನ್ನ ಹೆಂಡತಿಗೆ ಹೇಳಿ. ನಾನು ಹೇಳಿದರೆ ಅವಳು ಕೇಳಿಸಿಕೊಳ್ಳುತ್ತಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಅತ್ಯಂತ ತೃಪ್ತನಾಗಿರುವ
ಟೈಲರ್