ಬೀರುವಿನಲ್ಲಿ ಉಳಿದ ಪಿಸ್ತೂಲು

ಹೆಮ್‌ಲಾಕ್ ರನ್, ಪೆನ್ಸಿಲ್ವೇನಿಯಾ
ನವೆಂಬರ್ ಒಂಬತ್ತು, ಭಾನುವಾರ ಸಂಜೆ

ಪ್ರೀತಿಯ ಮಗ ರಸ್‌ಗೆ,

ಹೇಗಿದ್ದೀಯಪ್ಪಾ? ಬೆನ್ನು ನೋವು ಹೇಗಿದೆ? ಚಳಿ ಶುರುವಾದರೆ ಮರದ ಮಿಲ್ಲಿನಲ್ಲಿ ಪೆಟ್ಟು ಬಿದ್ದ ಜಾಗವೇ ಮೊದಲು ಹಿಡಿದುಕೊಳ್ಳುತ್ತದೆಂದು ನನಗೆ ಗೊತ್ತು. ಜೈಲಿನ ಅಂಗಡಿಯಲ್ಲಿ ದಪ್ಪನೆಯ ಒಳಅಂಗಿ ಸಿಗುತ್ತದಂತೆ, ತೆಗೆದುಕೊ, ಬಿಗುಮಾನ ಬೇಡ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ, ಅಷ್ಟೆ. ನೀನು ಫೋನ್ ಮಾಡಿ ಒಂದು ಬೇಸಿಗೆಯೇ ಕಳೆಯಿತು. ಭಾನುವಾರ ಚರ್ಚಿನಿಂದ ಬಂದವಳು ಕೋಟು ಸಹ ಬಿಚ್ಚದೆ ಫೋನಿನ ಪಕ್ಕ ಕೂರುತ್ತೇನೆ. ಇವತ್ತೂ ಕೂತಿದ್ದೆ. ಯಾರೋ ಮನೆಯ ಛಾವಣಿ ರಿಪೇರಿ ಮಾಡಿಸುತ್ತೀರಾ ಎಂದು ಕೇಳಲು ಫೋನ್ ಮಾಡಿದರು. ನಿನ್ನ ಮೇಲಿನ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿಕೊಂಡೆ, ಪಾಪ.

ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೆ ಒಂದು ಮಾತು. ಸ್ವಾಮಿ, ಮುಂದೆ ಪಿಸ್ತೂಲಿನ ವಿಚಾರ ಬರುತ್ತದೆ, ಗಾಬರಿಯಾಗಬೇಡಿ. ನಾನು ಎಪ್ಪತ್ತು ದಾಟಿದ ಮುದುಕಿ, ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ನಿಮ್ಮ ಗೋಡೆ ಒಡೆಯುವ ಯೋಚನೆ ನನಗಿಲ್ಲ. ಇದ್ದರೂ ಮೊಣಕಾಲು ಬಿಡುವುದಿಲ್ಲ.

ರಸ್, ನಿಮ್ಮ ಜೈಲಿನಿಂದ ಕೌನ್ಸೆಲರ್ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. ವಸಂತಕ್ಕೆ ನಿನ್ನನ್ನು ಪೆರೋಲ್ ಮೇಲೆ ಬಿಡಬಹುದಂತೆ. ಎಲ್ಲಿಗೆ ಹೋಗುತ್ತೀಯೆಂದು ಕೇಳಿದ್ದಕ್ಕೆ ನೀನು ಈರಿ ಪಟ್ಟಣದ ಯಾವುದೋ ಹಾಸ್ಟೆಲಿನ ವಿಳಾಸ ಕೊಟ್ಟೆಯಂತೆ. ಸ್ವಂತ ಮನೆ ಇರುವವನಿಗೆ ಹಾಸ್ಟೆಲು ಏಕೆ ಎಂದು ಕೇಳಿದೆ. ಮನೆಗೆ ಬರುವುದಾದರೆ ಆ ಮನೆಯಲ್ಲಿ ಒಂದೂ ಬಂದೂಕು ಇರಕೂಡದು, ಅದು ನಿಯಮ, ನಿಮ್ಮ ಮಗನಿಗೆ ಅದು ಗೊತ್ತು ಎಂದಳು. ಆಗ ನೀನು ಕೊನೆಯ ಸಲ ಫೋನಿನಲ್ಲಿ ಹೇಳಿದ ಮಾತು ಅರ್ಥವಾಯಿತು: "ನನ್ನ ದೆಸೆಯಿಂದ ಆ ಮನೆಯಿಂದ ಇನ್ನೊಂದು ಸಾಮಾನು ಹೋಗೋದು ಬೇಡ ಅಮ್ಮಾ." ನಾನು ಆವತ್ತು ಏನೋ ಬೇಜಾರಿನಲ್ಲಿ ಆಡುತ್ತಿದ್ದಾನೆ ಎಂದುಕೊಂಡಿದ್ದೆ. ನೀನು ಅಪ್ಪನ ಪಿಸ್ತೂಲಿನ ಮಾತಾಡುತ್ತಿದ್ದೆ.

ನಿನ್ನ ಅಪ್ಪ ಹಾರ್ಲನ್ ಅದನ್ನು ತಂದದ್ದು ನೀನು ಹುಟ್ಟಿದ ವರ್ಷ. ತೊಟ್ಟಿಲು ತನ್ನಿ ಎಂದು ಕಳಿಸಿದರೆ ಪಿಸ್ತೂಲು ತಂದ ಪುಣ್ಯಾತ್ಮ. ಮಗ ಹುಟ್ಟಿದ ವರ್ಷ ತಯಾರಾದದ್ದು, ಅವನಿಗೆ ಇಪ್ಪತ್ತೊಂದಾದ ದಿನ ಇಬ್ಬರೂ ಸೇರಿ ಮೊದಲ ಸಲ ಹಾರಿಸುತ್ತೇವೆ ಎಂದ. ಪ್ರತಿ ಹುಟ್ಟುಹಬ್ಬಕ್ಕೂ ಕೇಕು ತಿಂದಾದ ಮೇಲೆ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವಾಗಿನ ಬಿಳಿ ಕೈಗವಸು ತೊಟ್ಟು, ಬೀರು ತೆಗೆದು, ಪೆಟ್ಟಿಗೆ ಬಿಚ್ಚುತ್ತಿದ್ದ. ನೀನು ಕೈ ಹಿಂದೆ ಕಟ್ಟಿಕೊಂಡು ನೋಡಬೇಕು, ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆ. "ಮೊದಲ ಗುಂಡು ನಿಂದು, ಎರಡನೇದು ನಂದು," ಎನ್ನುತ್ತಿದ್ದ. ನಿನಗೆ ಇಪ್ಪತ್ತೊಂದಾಗುವ ಮುಂಚಿನ ಚಳಿಗಾಲದಲ್ಲೇ ಹೊರಟುಹೋದ. ಆಮೇಲೆ ನಮ್ಮಿಬ್ಬರಿಗೂ ಪೆಟ್ಟಿಗೆ ತೆಗೆಯುವ ಮನಸ್ಸಾಗಲಿಲ್ಲ. ಅವನು ಹೋದದ್ದಕ್ಕಿಂತ ಆ ಹುಟ್ಟುಹಬ್ಬವೇ ನನಗೆ ಹೆಚ್ಚು ಉರಿಯುತ್ತದೆ. ಏಕೋ ಗೊತ್ತಿಲ್ಲ.

ನಿನ್ನೆ ಎಮ್ಮೆಟ್ ಕ್ರೌಸ್‌ನನ್ನು ಕರೆಸಿದ್ದೆ. ಅಪ್ಪನ ಜೊತೆ ಜಿಂಕೆ ಬೇಟೆಗೆ ಹೋಗುತ್ತಿದ್ದವನು, ಹಳೆಯ ಬಂದೂಕು ಸಂಗ್ರಹಿಸುವ ಹುಚ್ಚಿನವನು. ಕುಂಬಳಕಾಯಿ ಪೈ ಎರಡು ತುಂಡು ಮುಗಿಸಿ, ಕೈ ತೊಳೆದು, ಅವನೂ ಬಿಳಿ ಕೈಗವಸು ತೊಟ್ಟ. ಪುಟ್ಟ ಟಾರ್ಚು ಬಿಟ್ಟು ಕೊಳವೆಯ ಒಳಗೆ ನೋಡಿದ. ಗುಂಡು ತುಂಬುವ ಉರುಳೆಯನ್ನು ನೋಡಿದ. ಅದನ್ನು ಸುಮ್ಮನೆ ಆಟಕ್ಕೆ ತಿರುಗಿಸಿದರೂ ಸುತ್ತ ಒಂದು ಗೆರೆ ಬೀಳುತ್ತದಂತೆ, ಅದೂ ಇಲ್ಲ. ಕಾರ್ಖಾನೆಯ ಮೇಣದ ಕಾಗದ ಮಡಿಸಿದ ಮಡಿಕೆಯಲ್ಲೇ ಇದೆ. "ಆರ್ಡಿತ್, ಇದನ್ನು ಹಾರಿಸೋದಿರಲಿ, ಹಾರ್ಲನ್ ಬಿಟ್ಟರೆ ಇನ್ನೊಬ್ಬರು ಮುಟ್ಟೇ ಇಲ್ಲ," ಎಂದ. ಹೀಗೇ ಇದ್ದರೆ ಕೇಳಿದಷ್ಟು ಕೊಡುತ್ತಾನೆ. ಒಂದೇ ಒಂದು ಗುಂಡು ಹಾರಿದರೂ ಅದು ಊರಿನ ಹತ್ತು ಪಿಸ್ತೂಲುಗಳ ಜೊತೆ ಹನ್ನೊಂದನೆಯದು.

ಅವನು ಹೋದ ಮೇಲೆ ಬೀರುವಿನ ಮುಂದೆಯೇ ಕೂತೆ. ಎಡಗಡೆ ಅಪ್ಪನ ರೈಫಲ್ ಇದ್ದ ಖಾಲಿ ಜಾಗ. ಕೆಳಗಿನ ಖಾನೆಯಲ್ಲಿ ಅವನ ಗಡಿಯಾರ ಇದ್ದ ಖಾಲಿ ಜಾಗ. ಆ ನೋವಿನ ಗುಳಿಗೆಗಳ ಹುಚ್ಚು ಹಿಡಿದ ಕಾಲದಲ್ಲಿ ಅವುಗಳ ದುಡ್ಡಿಗಾಗಿ ನೀನು ನನ್ನ ಉಂಗುರ ಕದಿಯದೆ ಬಿಡಲಿಲ್ಲ, ಗರಗಸದ ಯಂತ್ರ ಬಿಡಲಿಲ್ಲ, ಕೊನೆಗೆ ಅಕ್ಕಪಕ್ಕದವರ ಮನೆಯನ್ನೂ ಬಿಡಲಿಲ್ಲ. ಪೊಲೀಸರು ಬಂದಾಗ ಏನೇನು ಹೋಗಿದೆ ಎಂದೇ ಎಲ್ಲರೂ ಕೇಳಿದರು, ನಾನೂ ಹೋದದ್ದನ್ನೇ ಹೇಳಿದೆ. ಉಳಿದದ್ದು ಏನೆಂದು ಯಾರೂ ಕೇಳಲಿಲ್ಲ. ಅದೇ ಬೀರು, ಅದೇ ಕೀಲಿ. ರೈಫಲ್ ತೆಗೆಯುವಾಗ ಈ ಪೆಟ್ಟಿಗೆ ನಿನ್ನ ಮೊಣಕೈಗೆ ತಾಗಿರಬೇಕು. ಮನೆಯಲ್ಲೆಲ್ಲ ಹೆಚ್ಚು ಬೆಲೆಯದು ಅದೇ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಮೈಯೆಲ್ಲ ನಡುಗುತ್ತಿದ್ದ ಆ ದಿನಗಳಲ್ಲೂ ನೀನು ಬೀರುವಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತೆ ಮಗನೇ. ನಾನು ಎಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸಂತೋಷಕ್ಕೋ ದುಃಖಕ್ಕೋ ಕೇಳಬೇಡ.

ಈಗ ಏನು ಮಾಡಲಿ? ಮಾರಿದರೆ ಇನ್ನು ನೂರು ವರ್ಷವಾದರೂ ಎಮ್ಮೆಟ್‌ನ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಾ ಇರುತ್ತದೆ, ಆದರೆ ನಿನ್ನಿಂದಾಗಿ ಹೋದವುಗಳ ಸಾಲಿಗೆ ನೀನೇ ಅದನ್ನು ಸೇರಿಸಿಕೊಂಡು ಕೊರಗುತ್ತೀಯ. ಹಾರಿಸೋಣವೆಂದರೆ ಮೊದಲ ಗುಂಡಿನವನು ಅಲ್ಲಿ, ಎರಡನೆಯವನು ಚರ್ಚಿನ ಹಿಂದಿನ ಮಣ್ಣಿನಲ್ಲಿ. ಹೊರಗೆ ಬಂದರೂ ಕಾನೂನು ನಿನಗೆ ಅದನ್ನು ಮುಟ್ಟಗೊಡುವುದಿಲ್ಲ. ಶನಿವಾರದೊಳಗೆ ಎಮ್ಮೆಟ್‌ಗೆ ಹೇಳಬೇಕು. ಅಪ್ಪ ಇದ್ದಿದ್ದರೆ ಸುಮ್ಮನೆ ಪೈಪು ಕಚ್ಚಿಕೊಂಡು ನನ್ನ ಮೇಲೇ ಬಿಟ್ಟುಬಿಡುತ್ತಿದ್ದ. ಈಗಲೂ ಹಾಗೇ ಮಾಡಿದ್ದಾನೆ.

ನಿನ್ನ ಚಿಕ್ಕಪ್ಪ ಲಾಯ್ಡ್ ನಿನ್ನನ್ನು ಕೇಳಿದನೆಂದು ಹೇಳಲು ಹೇಳಿದ್ದಾನೆ. ಜಿಂಕೆ ಬೇಟೆ ಶುರುವಾಗುವ ಮೊದಲೇ ಅವನ ಬೂಟು ಹರಿದಿದೆ, ಎಂದಿನಂತೆ. ನೀನು ಇಲ್ಲದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೋಳಿ ಸಾಕು, ಅಷ್ಟು ದೊಡ್ಡ ಟರ್ಕಿ ಹಕ್ಕಿ ಬೇಡ ಎಂದು ನಿರ್ಧರಿಸಿದ್ದೇವೆ. ಬೆಚ್ಚಗಿರು. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ನನ್ನ ಕೈಗೆ ಅಷ್ಟು ದೂರ ಎಟುಕುವುದಿಲ್ಲ.

ನಿನ್ನ ಅಮ್ಮ,
ಆರ್ಡಿತ್

ತಾ.ಕ.: ಸೋಮವಾರ ಬೆಳಿಗ್ಗೆ. ಟಪಾಲಿನವನು ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾರಿಸಿಬಿಟ್ಟೆ. ಲಾಯ್ಡ್‌ನನ್ನು ಕರೆದು, ಕೊಟ್ಟಿಗೆಯ ಹಿಂದಿನ ದಿಬ್ಬದೆದುರು ಕಂಬದ ಮೇಲೆ ಕಾಫಿ ಡಬ್ಬಿ ಇಟ್ಟು, ಬರಿಗೈಯಲ್ಲೇ ಹಿಡಿದೆ. ಮೊದಲನೆಯದು ನಿನ್ನ ಹೆಸರಿನಲ್ಲಿ, ತಪ್ಪಿತು, ನೀನು ಯಾವತ್ತೂ ಅವಸರದವನು. ಎರಡನೆಯದು ಅಪ್ಪನದು, ಅದೂ ತಪ್ಪಿತು, ಅವನಾಗಿದ್ದರೆ ಗಾಳಿಯನ್ನು ಬೈಯುತ್ತಿದ್ದ. ಮೂರನೆಯದರ ಬಗ್ಗೆ ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅದನ್ನು ನಾನು ನನಗಾಗಿ ಹಾರಿಸಿದೆ. ಡಬ್ಬಿ ಎಗರಿ ಬಿತ್ತು. ಲಾಯ್ಡ್ ಟೋಪಿ ತೆಗೆದು, "ಇಷ್ಟು ವರ್ಷ ಪೆಟ್ಟಿಗೆ ಸಾಮಾನಾಗಿತ್ತು ಅತ್ತಿಗೆ, ಇವತ್ತು ಪಿಸ್ತೂಲಾಯ್ತು," ಎಂದ. ನಾಳೆ ಬಂದೂಕಿನ ಅಂಗಡಿಯಲ್ಲಿ ಕಾಗದಪತ್ರ ಮಾಡಿಸಿಕೊಂಡು ಅವನೇ ಒಯ್ಯುತ್ತಾನೆ, ಕಾಡಿಗೆ ಹೋಗುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಅದು ನಿನ್ನ ದೆಸೆಯಿಂದ ಹೋಗುತ್ತಿಲ್ಲ. ಅಪ್ಪನ ಮಾತು ನಡೆಸಿ ಹೋಗುತ್ತಿದೆ. ಬೀರು ಖಾಲಿ, ಅದರಲ್ಲಿ ನಿನ್ನ ಹೊದಿಕೆಗಳನ್ನು ಮಡಿಸಿ ಇಟ್ಟಿದ್ದೇನೆ. ತೂತು ಬಿದ್ದ ಡಬ್ಬಿ ನಿನ್ನ ಕೋಣೆಯ ಕಿಟಕಿಯಲ್ಲಿದೆ. ಅದನ್ನು ಮುಟ್ಟಬಹುದು, ಕೌನ್ಸೆಲರಮ್ಮನನ್ನು ಕೇಳಿದ್ದೇನೆ. ಆ ಹಾಸ್ಟೆಲಿನ ಹೆಸರು ಹೊಡೆದುಹಾಕಿ ಮನೆಯ ವಿಳಾಸ ಬರೆ ರಸ್.