ಹುಕ್ಕು ಮಾತ್ರ ಬಾಕಿ

ಜನವರಿ 11, ಶನಿವಾರ. ಸಂಜೆ

ಮತ್ತೆ ಬಸ್ಸಲ್ಲಿ ನಿದ್ದೆ. ರಾಮನಗರಕ್ಕೆ ಹೋಗುವಾಗ ಅಸಲು, ಮಾಗಡಿಗೆ ವಾಪಸ್ ಬರುವಾಗ ಬಡ್ಡಿ. ಕಣ್ಣು ಬಿಟ್ಟಾಗಲೆಲ್ಲ ಕಿಟಕಿಯಲ್ಲಿ ಒಂದು ಬಂಡೆ. ಅದೇ ಬಂಡೆಯೋ, ಬೇರೆಯದೋ... ನಮ್ಮ ಕಡೆಯ ಬಂಡೆಗಳು ಬಸ್ಸಿನ ಜೊತೆಗೇ ನಡೆದು ಬರುತ್ತವೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಆ ನಂಬಿಕೆ ಪೂರ್ತಿ ಬಿಟ್ಟಿಲ್ಲ.

ತರಬೇತಿಯ ಎರಡನೇ ಕ್ಲಾಸು. ಬೇಕರಿ ಮೇಲಿನ ಹಾಲ್. ಬಿಸಿ ಬನ್ನಿನ ವಾಸನೆ ಬರುತ್ತಿರುವಾಗ ಗಮನದ ಬಗ್ಗೆ ಗಮನ ಕೊಡುವುದು ಸುಲಭವಲ್ಲ. ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ ಇರುತ್ತದೆ; ಅಂಥವರ ಜೊತೆ ಕೆಲಸ ಮಾಡುವ ಕೌನ್ಸೆಲರ್‌ಗಳು, ಕೋಚ್‌ಗಳು ಮೊದಲು ತಾವು ಕಲಿಯಬೇಕು — ಇದು ಕೋರ್ಸು. ನನ್ನಂಥ ಕಾಲೇಜು ಕೌನ್ಸೆಲರ್‌ಗಳೇ ಹೆಚ್ಚು. ಜೊತೆಗೆ ಮುಜಾಮಿಲ್. ಬ್ಯಾನರಿನಲ್ಲಿ ‘ಕೋಚ್’ ಎಂದು ಕಂಡು ಒಳಗೆ ಬಂದ ಕ್ರಿಕೆಟ್ ಕೋಚ್. ವಿಷಯ ಬೇರೆ ಎಂದು ತಿಳಿದ ಮೇಲೂ ಎದ್ದು ಹೋಗಲಿಲ್ಲ. “ನನ್ ಟೀಮಲ್ಲೇ ಅರ್ಧ ಜನ ಇಂಥೋರು ಅವ್ರೆ ಮೇಡಂ. ಕೂತ್ಕೊಂಡೇ ಹೋಗ್ತೀನಿ,” ಅಂದ.

ಪಾಠ ಮಾಡುವ ಮನೋಹರ್ ಸರ್ ಮೆಲುದನಿ. “ಇವರಿಗೆ ಕಾಲ ಎರಡೇ. ‘ಈಗ’. ಇನ್ನೊಂದು, ‘ಈಗಲ್ಲ’.”

ನಾನು ಸುಮ್ಮನಿರಬೇಕಲ್ಲ? “ನಮ್ಮ ಮನೆಯವರಿಗೂ ಅಷ್ಟೇ ಸರ್. ಊಟ ಈಗ, ಪಾತ್ರೆ ಈಗಲ್ಲ.”

ಹಾಲ್ ನಕ್ಕಿತು. ಸರ್ ಕೂಡ ನಕ್ಕರು. ಆಮೇಲೆ ಏನೋ ಬರೆದುಕೊಂಡರು... ಅದು ಮಾತ್ರ ಸರಿ ಕಾಣಲಿಲ್ಲ.

ಒಬ್ಬೊಬ್ಬರೂ ಒಬ್ಬರನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಬೇಕಂತೆ. ಪರಿಚಯದವರಾಗಿರಬಾರದು ಎಂದು ನಿಯಮ. ಮಾಗಡಿಯಲ್ಲಿ ಪರಿಚಯವಿಲ್ಲದವರು ಬೇಕೆಂದರೆ ಕೆಂಪೇಗೌಡರ ಕಾಲಕ್ಕೆ ಹೋಗಬೇಕು.

ಜನವರಿ 16, ಗುರುವಾರ

ಧನಲಕ್ಷ್ಮಿ ಬಂದಳು. ಪೇಟೆ ಬೀದಿಯ ಟೈಲರ್. ನೋಡಿ ಗೊತ್ತಿತ್ತು, ಮಾತಾಡಿ ಗೊತ್ತಿರಲಿಲ್ಲ — ನಿಯಮಕ್ಕೆ ಇಷ್ಟು ಸಾಕು. ಮೂರು ಗಂಟೆಗೆ ಎಂದಿದ್ದೆ. ಕಾಲೇಜು ಬಿಡುವ ಹೊತ್ತಿಗೆ ಓಡಿ ಬಂದಳು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯದು.

“ಬೈಬೇಡಿ ಮೇಡಂ. ದಾರೀಲಿ ನಾನೇ ಬೈಕೊಂಡು ಬಂದಿವ್ನಿ.”

ಹೋದ ವರ್ಷ ಬೆಂಗಳೂರಿನಲ್ಲಿ ಡಾಕ್ಟರು ಎಡಿಎಚ್‌ಡಿ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ನುಂಗಿದರೆ ತಲೆಯೊಳಗಿನ ಸಂತೆ ಒಸಿ ಕಮ್ಮಿ ಅಂತೆ. ಸಂತೆ ಕಮ್ಮಿಯಾದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅದು ನನ್ನ ಪಾಲು.

ಕೈ ಬಂಗಾರ. ಅವಳ ಕೆಲಸ ನೋಡಿದವರು ಯಾರೂ ಬೇರೆ ಟೈಲರ್ ಹತ್ತಿರ ಹೋಗುವುದಿಲ್ಲ. ನೋಡಬೇಕಾದರೆ ಅದು ಮುಗಿಯಬೇಕಷ್ಟೆ. ಒಂದು ಬ್ಲೌಸಿಗೆ ತೋಳು ಹಾಕುತ್ತಿರುವಾಗ ಇನ್ನೊಂದರ ಬೆನ್ನಿಗೆ ಹೊಸ ಡಿಸೈನ್ ಹೊಳೆಯುತ್ತದೆ. ಅಲ್ಲಿಗೆ ಹೊರಟಳು. ಗಮನದ ಕೊರತೆ ಅಂತೀವಿ... ಇವಳದು ಕೊರತೆಯೇ ಅಲ್ಲ. ಬರೀ ಗಮನವೇ, ಆಗಮನವೇ ಇಲ್ಲ.

“ಗಿರಾಕಿ ಕೇಳಿದರೆ ಏನಂತೀಯ?”

“‘ಹುಕ್ಕು ಮಾತ್ರ ಬಾಕಿ’ ಅಂತೀನಿ.”

“ನಿಜವಾಗಿ?”

“ಒಂದೊಂದ್ಸಲ ಬಟ್ಟೆನೇ ಕತ್ತರಿಸಿರಕಿಲ್ಲ.” ನಕ್ಕಳು. “ಅವ್ರು ಬೀದೀಲಿ ಬರೋದು ಕಂಡ್ರೆ ಎದೆ ಡವಡವ ಅಂತದೆ. ಹಿತ್ತಲ ಬಾಗ್ಲಿಂದ ಎದ್ದೋಗ್ಬುಡ್ತೀನಿ.”

“ನಿನ್ನ ಅಂಗಡಿಗೆ ಹಿತ್ತಲ ಬಾಗಿಲೇ ಮೈನ್ ಗೇಟು ಅನ್ನು!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಳ್ಳೆ ಸೆಷನ್ ಅನ್ನಿಸಿತು.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಬೇರೆ. ಅಂಗಡಿಯ ರೂಮು ಅತ್ತೆ ಮಾರಮ್ಮನದು. ಸೋಲೂರಿನ ಕಾವೇರಮ್ಮ ಮಗಳ ಮದುವೆಗೆ ಐದು ಬ್ಲೌಸ್ ಕೊಟ್ಟಿದ್ದಾರೆ, ಫೆಬ್ರವರಿ 23ಕ್ಕೆ ಮುಹೂರ್ತ. ಅವು ಟೈಮಿಗೆ ಹೋದರೆ ಅಂಗಡಿ ಇವಳದು. ಇಲ್ಲದಿದ್ದರೆ ಮಾರಮ್ಮ ರೂಮನ್ನು ಮೊಬೈಲ್ ಅಂಗಡಿಯವನಿಗೆ ಕೊಡುತ್ತಾರೆ.

“ಆಮೇಲೆ ನಾನು ಏನ್ ಮೇಡಂ? ಒಲೆ ಮುಂದೆ ಸೊಸೆ, ಅಷ್ಟೇ.”

ಜನವರಿ 23, ಗುರುವಾರ. ಮಧ್ಯಾಹ್ನ

ಇವತ್ತು ನಾನೇ ಅಂಗಡಿಗೆ ಹೋದೆ. ಎಂಥ ಜಾಗ! ಅರ್ಧಕ್ಕೆ ನಿಂತ ಬ್ಲೌಸುಗಳು ತಂತಿಯ ಮೇಲೆ ತೂಗುತ್ತವೆ. ತೋಳಿಲ್ಲದವು, ಬೆನ್ನಿಲ್ಲದವು, ಬರೀ ತೋಳುಗಳು. ಬಿಸಿಲು ಅವುಗಳ ಮೂಲಕ ಹಾದು ಗೋಡೆಯ ಮೇಲೆ ಬೀಳುತ್ತದೆ — ಇಲ್ಲಿ ಕುಂಕುಮ, ಅಲ್ಲಿ ಹಸಿರು, ಮೂಲೆಯಲ್ಲಿ ಬದನೆಕಾಯಿ ಬಣ್ಣ. ಗಾಳಿ ಬಂದರೆ ಗೋಡೆಯೇ ಬಣ್ಣ ಬದಲಿಸುತ್ತದೆ. ಮೆಷಿನ್ ಸದ್ದು. ನಿಂತಲ್ಲೇ ಜೊಂಪು ಬಂತು. ಇಲ್ಲಿ ಯಾರಿಗಾದರೂ ಏನನ್ನಾದರೂ ಮುಗಿಸಬೇಕು ಅಂತ ಯಾಕೆ ಅನ್ನಿಸಬೇಕು...

ಹೊರಡುವಾಗ ಬ್ಯಾಗಿನಿಂದ ನನ್ನ ಬ್ಲೌಸ್ ಪೀಸ್ ತೆಗೆದುಕೊಟ್ಟೆ. ಅಮ್ಮ ಕೊಟ್ಟ ನವಿಲು ನೀಲಿ ಸೀರೆಯದು. ಅವಳ ಮೇಲೆ ನನಗೆ ನಂಬಿಕೆ ಇದೆ ಎಂದು ತೋರಿಸಬೇಕಿತ್ತು. ಅವಳ ಮುಖ ಅರಳಿತು. “ನಿಮ್ಗೆ ಬೆನ್ನಿಗೊಂದು ನವಿಲುಗರಿ ಇಟ್ಟು ಹೊಲೀತೀನಿ ಮೇಡಂ.”

“ಅವಸರ ಏನಿಲ್ಲ. ನಿಧಾನಕ್ಕೆ ಕೊಡು,” ಅಂದೆ.

ಎಷ್ಟು ಒಳ್ಳೆಯವಳು ನಾನು!

ಜನವರಿ 25, ಶನಿವಾರ

ಒಳ್ಳೆಯತನಕ್ಕೆ ಇವತ್ತು ಕತ್ತರಿ.

ಧನಲಕ್ಷ್ಮಿಯ ಒಪ್ಪಿಗೆ ಪಡೆದು ಮೊದಲ ಸೆಷನ್ ರೆಕಾರ್ಡ್ ಮಾಡಿದ್ದೆ. ಮನೋಹರ್ ಸರ್ ಎಲ್ಲರ ಮುಂದೆ ಕೇಳಿಸಿದರು. ಹಾಲ್ ಬಿದ್ದು ಬಿದ್ದು ನಕ್ಕಿತು. ಒಳಗೊಳಗೇ ಹಿಗ್ಗಿದೆ. ಸರ್ ಅದೇ ಜಾಗ ಮತ್ತೊಮ್ಮೆ ಹಾಕಿದರು. ಎದೆ ಡವಡವ ಅಂತದೆ...

“ಪ್ರತಿಮಾ, ಇಲ್ಲಿ ಅವರು ಒಂದು ಬಾಗಿಲು ತೆಗೆದರು. ನೀವೇನು ಮಾಡಿದಿರಿ?”

“ನಗಿಸಿದೆ ಸರ್.”

“ಅವರೂ ನಕ್ಕರು, ನೀವೂ ನಕ್ಕಿರಿ. ಬಾಗಿಲು ಮುಚ್ಚಿತು. ಜೀವನವಿಡೀ ಬೈಸಿಕೊಂಡವರು ಬೇರೆಯವರಿಗಿಂತ ಮೊದಲು ತಾವೇ ತಮ್ಮನ್ನು ನೋಡಿ ನಗುವುದನ್ನು ಕಲಿತಿರುತ್ತಾರೆ. ಅದಕ್ಕೆ ತಾಳ ಹಾಕಬೇಡಿ.”

ಬನ್ನಿನ ವಾಸನೆ ಕೂಡ ನಿಂತಂತಾಯಿತು.

ಆಮೇಲೆ ಹೊಸ ಪಾಠ. ಕೆಲಸ ಶುರು ಮಾಡಲಾಗದೆ ಒದ್ದಾಡುವವರ ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ಕೂತರೂ ಸಾಕು, ಎಷ್ಟೋ ಸಲ ಕೆಲಸ ಸಾಗುತ್ತದಂತೆ. ಸಲಹೆ ಬೇಡ, ಸಹಾಯ ಬೇಡ, ಕಾವಲೂ ಅಲ್ಲ. ಅವರ ಕೆಲಸ ಅವರು, ನಮ್ಮ ಕೆಲಸ ನಾವು.

‘ಸುಮ್ಮನೆ’ ಎಂಬ ಪದಕ್ಕೆ ಎಲ್ಲರೂ ನನ್ನ ಕಡೆ ತಿರುಗಿದರು.

ಫೆಬ್ರವರಿ 6, ಗುರುವಾರ

ಧನಲಕ್ಷ್ಮಿ ಬರಲಿಲ್ಲ. ಹೋದ ವಾರವೂ ಇಲ್ಲ. ಫೋನ್ ಎತ್ತುವುದಿಲ್ಲ. ಮದುವೆ ಸೀಸನ್, ಹೊಲಿಯುತ್ತಿದ್ದಾಳೆ — ಹಾಗಂದುಕೊಂಡೆ.

ಸಂಜೆ ಅಂಗಡಿ ಕಡೆಯಿಂದ ಬಂದೆ. ಮೆಷಿನ್ ಸದ್ದು ದೂರಕ್ಕೇ ಕೇಳುತ್ತಿತ್ತು. ಹೊಸ್ತಿಲ ಮೇಲೆ ನನ್ನ ನೆರಳು ಬಿದ್ದದ್ದೇ ತಡ, ನಿಂತಿತು. ಒಳಗೆ ಯಾರೂ ಇಲ್ಲ. ಸೂಜಿಯ ಕೆಳಗೆ ಬಟ್ಟೆ ಹಾಗೇ ಸಿಕ್ಕಿಕೊಂಡಿದೆ. ದಾರ ಇನ್ನೂ ನಡುಗುತ್ತಿದೆ. ಆಚೆ ಹಿತ್ತಲ ಬಾಗಿಲು ಮೆಲ್ಲಗೆ ಆಡುತ್ತಿತ್ತು.

ಬೆಕ್ಕು ಇರಬೇಕು.

ಫೆಬ್ರವರಿ 13, ಗುರುವಾರ

ಇವತ್ತೂ ಇಲ್ಲ.

ಕಾಲೇಜಿನ ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ. ಕನಸು. ಸಾವನದುರ್ಗದ ಮೇಲೆ ಬ್ಲೌಸುಗಳು ಹಾರುತ್ತಿವೆ. ಹುಕ್ಕಿಲ್ಲದ್ದಕ್ಕೆ ಎದೆ ತೆರೆದುಕೊಂಡು ರೆಕ್ಕೆಯಾಗಿವೆ. ಅವುಗಳ ನಡುವೆ ಒಂದು ನವಿಲು ನೀಲಿ. ನಾನು ಕೈ ಚಾಚಿದಷ್ಟೂ ಅದು ಮೇಲೆ. ‘ಅವಸರ ಏನಿಲ್ಲ, ಅವಸರ ಏನಿಲ್ಲ’ ಎಂದು ಕೂಗುತ್ತಿದ್ದೇನೆ. ಕೂಗಿದಷ್ಟೂ ದೂರ ಹೋಗುತ್ತಿದೆ.

ಎಚ್ಚರವಾದಾಗ ಕೆನ್ನೆಯ ಮೇಲೆ ಈ ಡೈರಿಯ ಸ್ಪೈರಲ್ ಬೈಂಡಿಂಗಿನ ಗುರುತು.

ಫೆಬ್ರವರಿ 15, ಶನಿವಾರ. ಬಸ್ಸಲ್ಲಿ

ಇವತ್ತು ನಿದ್ದೆ ಬರಲಿಲ್ಲ. ಅಕ್ಷರ ಕುಣಿಯುತ್ತಿವೆ, ಕುಣಿಯಲಿ.

ಕ್ಲಾಸಲ್ಲಿ ಹೇಳಿದೆ: ನನ್ನ ಕ್ಲೈಂಟ್ ಮಾಯ. ಎಲ್ಲರೂ ಪುಸ್ತಕದ ಕಾರಣ ಕೊಟ್ಟರು. ಮುಜಾಮಿಲ್ ಮಾತ್ರ ಕೇಳಿದ: “ಮೇಡಂ, ಅವ್ರು ನಿಮ್ಗೆ ಏನಾರ ಕೊಡೋದಿತ್ತಾ?”

“ಏನೂ ಇಲ್ಲಪ್ಪ. ಒಂದು ಬ್ಲೌಸ್ ಇತ್ತು, ಅದೂ ಅವಸರ ಇಲ್ಲ ಅಂದಿದ್ದೆ.”

“ಕ್ಯಾಚ್ ಬಿಟ್ಟ ಹುಡ್ಗ ಮಾರನೇ ದಿನ ಗ್ರೌಂಡಿಗೆ ಬರಲ್ಲ. ಬಾಲ್ ಕಂಡ್ರೆ ಭಯ ಅಲ್ಲ ಮೇಡಂ. ನನ್ ಮುಖ ಕಂಡ್ರೆ.”

ಮನೋಹರ್ ಸರ್ ಬೋರ್ಡಿನ ಮೇಲೆ ಹಳೆಯ ಎರಡು ಪದ ಬರೆದರು. ಈಗ. ಈಗಲ್ಲ. ಎರಡನೆಯದರ ಕೆಳಗೆ ಒಂದು ಗೆರೆ.

ಬೆಕ್ಕಲ್ಲ. ಅವಳೇ ಓಡಿದ್ದು. ನನ್ನನ್ನು ಕಂಡು.

ಇಡೀ ಊರಲ್ಲಿ ಅವಳು ಹೆದರದೆ ಕೂರಬಹುದಾಗಿದ್ದ ಒಂದು ಕುರ್ಚಿ ನನ್ನ ಮುಂದಿತ್ತು. ಅದರ ಮೇಲೆ ನಾನೇ ಬಟ್ಟೆ ಇಟ್ಟೆ. ಈಗ ನಾನೂ ಒಬ್ಬಳು ಗಿರಾಕಿ. ‘ಅವಸರ ಇಲ್ಲ’ ಎಂದು ಸಿಹಿಯಾಗಿ ಹೇಳಿ ‘ಈಗಲ್ಲ’ದ ಬಾವಿಗೆ ನನ್ನ ಕೈಯಾರೆ ಎಸೆದೆ. ಈಗ ಅವಳು ದಿನಾ ಆ ಬಾವಿ ಇಣುಕಿ ನೋಡುತ್ತಾಳೆ.

ಒಂದು ಶ್ಲೇಷೆಯೂ ಹೊಳೆಯುತ್ತಿಲ್ಲ. ಕಿಟಕಿಯಲ್ಲಿ ಬಂಡೆ. ಜೊತೆಗೇ ಬರುತ್ತಿದೆ.

ಫೆಬ್ರವರಿ 17, ಸೋಮವಾರ

ಕಾಲೇಜಿಗೆ ರಜೆ ಹಾಕಿ ಅಂಗಡಿಗೆ ಹೋದೆ. ಬೀದಿಯಿಂದಲೇ ಕೂಗಿದೆ: “ಧನಲಕ್ಷ್ಮೀ, ಬ್ಲೌಸ್ ಕೇಳೋಕೆ ಬಂದಿಲ್ಲ ಕಣೇ! ಬಟ್ಟೆ ವಾಪಸ್ ಇಸ್ಕೊಳ್ಳೋಕೆ ಬಂದೆ. ಹೊಲಿದಿಟ್ಟಿದ್ದರೆ ಜಗಳ ಆಡ್ತೀನಿ!”

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಾರಮ್ಮ ತಲೆಯೆತ್ತಿದರು.

“ನೀನ್ಯಾರವ್ವಾ?”

“ಧನಲಕ್ಷ್ಮಿಯ ಕೋಚು ಅಮ್ಮಾ.”

“ಕೋಚು ಅಂದ್ರೆ ರೈಲಲ್ಲಿರ್ತದಲ್ಲ, ಅದಾ?”

“ಹೂಂ ಅಮ್ಮಾ. ಮಾಗಡಿಗೆ ರೈಲಿಲ್ಲ, ಕೋಚು ಮಾತ್ರ ಬಂದಿದೆ.”

“ಬಂದು ಏನ್ ಬಂತು? ಇಂಜಿನ್ನೇ ಓಡೋಗದೆ, ನೋಡೋಗು,” ಅಂತ ಹಿತ್ತಲ ಕಡೆ ಗದ್ದ ತೋರಿಸಿದರು.

ಓಡಿಹೋದ ಇಂಜಿನ್ ಹಿತ್ತಲಿಂದ ತಾನೇ ಬಂತು. ಕಣ್ಣು ಕೆಂಪು. ನನ್ನ ನೀಲಿ ಬಟ್ಟೆ ಎರಡು ಕೈಯಲ್ಲೂ ಹಿಡಿದಿದ್ದಳು. ಕೊಟ್ಟ ಮಡಿಕೆ ಹಾಗೇ ಇತ್ತು.

“ದಿನಾ ತೆಗ್ದು ನೋಡ್ತೀನಿ ಮೇಡಂ. ದಿನಾ ಮಡಿಚಿಡ್ತೀನಿ. ನೀವು ನನ್ನ ನಂಬಿ ಕೊಟ್ಬುಟ್ರಿ. ಅದ್ಕೇ...”

ನಾಲಿಗೆಯ ತುದಿಗೆ ಒಂದು ತಮಾಷೆ ಬಂದಿತ್ತು. ನುಂಗಿದೆ. ಅಂಥದ್ದನ್ನು ನುಂಗಿ ಅಭ್ಯಾಸವಿಲ್ಲ, ಗಂಟಲಲ್ಲಿ ಒಸಿ ಹೊತ್ತು ಸಿಕ್ಕಿಕೊಂಡೇ ಇತ್ತು. ಬಟ್ಟೆ ಬ್ಯಾಗಿಗೆ ಹಾಕಿಕೊಂಡೆ. ಅವಳ ಹೆಗಲು ಕೆಳಗಿಳಿಯಿತು.

ಆಮೇಲೆ ಅವಳೇ ಮಾತು ತೆಗೆದಳು.

“ಕಾವೇರಮ್ಮೋರದು ಐದೂ ಕತ್ತರ್ಸಿವ್ನಿ. ಒಂದೂ ಕೂಡ್ಸಿಲ್ಲ. ಶುಕ್ರವಾರ ತಗಂಡೋಗಕ್ಕೆ ಬತ್ತಾರೆ.”

“ನಾನು ದಿನಾ ಬಂದು ಇಲ್ಲಿ ಕೂತಿರಲಾ?”

“ಏನ್ ಮಾಡ್ತೀರಾ?”

“ಏನೂ ಇಲ್ಲ. ನನ್ನ ಪಾಡಿಗೆ ನಾನು ಬರೆಯುತ್ತಿರ್ತೀನಿ.”

“ಮಾತಾಡ್ದೆ?” ಅವಳ ಹುಬ್ಬು ಮೇಲೇರಿತು. “ನೀವಾ?”

ಫೆಬ್ರವರಿ 18, ಮಂಗಳವಾರ. ಅಂಗಡಿ

ಮೂಲೆಯ ಸ್ಟೂಲ್ ನನ್ನದು. ಬೇಕೆಂದೇ ಈ ಡೈರಿ ತಂದಿದ್ದೇನೆ.

ಮೊದಲ ಬ್ಲೌಸ್. ಕುಂಕುಮ ಬಣ್ಣ. ಅರ್ಧಕ್ಕೆ ಎದ್ದಳು, ತಂತಿಯ ಮೇಲಿನ ಯಾವುದೋ ಹಸಿರು ತೋಳಿಗೆ ಕೈ ಹಾಕಿದಳು. ತಿರುಗಿ ನೋಡಿದಳು. ನಾನು ಬರೆಯುತ್ತಲೇ ಇದ್ದೆ. ಏನು ಬರೆದೆ? ‘ಮಾತಾಡಬೇಡ ಪ್ರತಿಮಾ’ ಎಂದು ಸಾಲು ತುಂಬ. ಹಸಿರು ಬಿಟ್ಟು ವಾಪಸ್ ಬಂದು ಕೂತಳು.

ಮೆಷಿನ್ ಸದ್ದು. ಗೋಡೆಯ ಮೇಲೆ ಬಣ್ಣಗಳು ಈಜುತ್ತಿವೆ. ಕಣ್ಣು ಭಾರ...

ಫೆಬ್ರವರಿ 19, ಬುಧವಾರ. ಅಲ್ಲೇ

ಮಾರಮ್ಮ ಅವರೆಕಾಯಿಯ ಮೊರ ತಂದು ಒಳಗೇ ಕೂತರು. ಯಾರೂ ಕರೆದಿರಲಿಲ್ಲ.

“ನೀನೊಬ್ಳೇ ಸುಮ್ನೆ ಕುಂತಿದ್ರೆ ಬೇಜಾರಲ್ವಾ?” ಎಂದು ನನಗೆ. ಸೊಸೆಗೆ ಏನೂ ಹೇಳಲಿಲ್ಲ. ಅದೇ ದೊಡ್ಡದು.

ಈಗ ಮೂವರು. ಒಬ್ಬಳು ಹೊಲಿಯುತ್ತಾಳೆ, ಒಬ್ಬರು ಸುಲಿಯುತ್ತಾರೆ, ಒಬ್ಬಳು ಗೀಚುತ್ತಾಳೆ. ಯಾರೂ ಯಾರನ್ನೂ ನೋಡುತ್ತಿಲ್ಲ.

ಫೆಬ್ರವರಿ 21, ಶುಕ್ರವಾರ. ಅಂಗಡಿ

ನಾಲ್ಕು ಬ್ಲೌಸ್ ಇಸ್ತ್ರಿಯಾಗಿ ಮೇಜಿನ ಮೇಲಿವೆ. ಐದನೆಯದು ಅವಳ ಮಡಿಲಲ್ಲಿ. ಮುಹೂರ್ತದ್ದು. ಮೆಷಿನ್ ಕೆಲಸ ಮುಗಿಯಿತು.

ತಂತಿಯ ಮೇಲೆ ಇನ್ನೂ ಬೇಕಾದಷ್ಟು ತೂಗುತ್ತಿವೆ. ಇರಲಿ. ಅವು ಇವತ್ತಿನವಲ್ಲ.

ತಲೆ ಎತ್ತದೆ ಅಂದಳು: “ಮದ್ವೆ ಕಳೀಲಿ ಮೇಡಂ, ನಿಮ್ ನೀಲಿ ಬಟ್ಟೆ ತನ್ನಿ. ಇಂಥಾ ದಿನ ಬೇಕು ಅಂತ ಹೇಳ್ಕೊಡಿ. ಹೇಳಿ, ಇಲ್ಲೇ ಕುಂತ್ಕಳಿ. ಸುಮ್ನೆ ‘ಅವಸರ ಇಲ್ಲ’ ಅಂದ್ಗಿಂದೀರ.”

“ಆಯ್ತಮ್ಮ.” ಎರಡೇ ಪದ. ಮನೋಹರ್ ಸರ್ ಕೇಳಿಸಿಕೊಳ್ಳಬೇಕಿತ್ತು.

ಮಾರಮ್ಮ ಬೀದಿ ಕಡೆ ನೋಡಿದರು. “ಬಂದ್ರು ಕಣೇ, ಸೋಲೂರೋರು.”

ಬೀದಿಯ ತುದಿಯಲ್ಲಿ ಕಾವೇರಮ್ಮ. ಬಸ್ಸಿಳಿದು ನೇರ ಇತ್ತಲೇ. ನಡಿಗೆಯಲ್ಲೇ ಜಗಳ ಇದೆ. ಧನಲಕ್ಷ್ಮಿಯ ಕೈ ನಿಂತಿತು. ಕಣ್ಣು ಹಿತ್ತಲ ಬಾಗಿಲಿಗೆ ಹೋಯಿತು. ಬಾಗಿಲು ತೆರೆದೇ ಇದೆ. ಬಿಸಿಲು ಅಲ್ಲಿಂದ ಬಂದು ಅವಳ ಪಾದದ ಮೇಲೆ ಬಿದ್ದಿದೆ. ನಾನು ಏನೂ ಅನ್ನುತ್ತಿಲ್ಲ. ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ. ಮಾರಮ್ಮನ ಕೈಯಲ್ಲಿ ಕಾಯಿ ಹಾಗೇ ಇದೆ.

ಸೂಜಿಗೆ ದಾರ ಪೋಣಿಸಿದಳು.

ಕಾವೇರಮ್ಮ ಹೊಸ್ತಿಲಲ್ಲಿ. “ಏನಮ್ಮಿ, ಹುಕ್ಕು ಮಾತ್ರ ಬಾಕಿನಾ?”

“ಊಂ ಕಣಮ್ಮ.” ಕೂತ ಜಾಗ ಬಿಡಲಿಲ್ಲ. “ಹುಕ್ಕು ಮಾತ್ರ ಬಾಕಿ. ಬನ್ನಿ, ಒಳಕ್ಕೆ ಬನ್ನಿ. ಮೇಡಂ, ಒಸಿ ಜರುಗಿ, ಅವ್ರೂ ಕುಂತ್ಕಳ್ಳಿ —”