ಆಮೆನ್‌ವರೆಗೆ ಕಾದ ಬಿಸ್ಕತ್ತು

ಜೂನ್ ೧೧, ಬುಧವಾರ

ನಮ್ಮ ಅವಳಿ ಮಕ್ಕಳಿಗೆ ಮನೆಯಲ್ಲೇ ಅಮ್ಮನ ಪಾಠವೋ, ಶಾಲೆಯ ಕೂಟವೋ? ನನ್ನ ಪ್ರಾಸಕ್ಕೆ ಹೆಂಡತಿ ನಗಲಿಲ್ಲ. "ಶಾಲೆಗೆ ಹೋದ್ರೆ ಮಕ್ಕಳು ಯೇಸುನ ಮರೆತುಬಿಡ್ತಾರೆ ರೀ" ಎಂಬುದೊಂದೇ ಇವಳ ಭಯ. ಸುಮ್ಮನೆ ನೋಡಿ ಬರೋಣವೆಂದು ಪಕ್ಕದ ಬೀದಿಯ ಶಾಲೆಗೆ ಹೋದೆವು.

ಟೀಚರ್ ಎಲ್ಲರಿಗೂ ಬಿಸ್ಕತ್ತು ಕೊಟ್ಟರು. ನಮ್ಮ ಅವಳಿಗಳು ಕಣ್ಣು ಮುಚ್ಚಿ ಕೈ ಜೋಡಿಸಿದವು. ದೊಡ್ಡದು ಬೇಗ ಆಮೆನ್ ಅಂದಿತು. ಚಿಕ್ಕದು ಮಾತ್ರ ಟೀಚರನ್ನು, ಗೋಡೆ ಗಡಿಯಾರವನ್ನು, ಗಾಜಿನ ತೊಟ್ಟಿಯ ಮೀನುಗಳನ್ನೂ ಆಶೀರ್ವದಿಸಪ್ಪಾ ಎಂದು ಬೇಡುತ್ತಲೇ ಇತ್ತು. ನಮ್ಮ ಚರ್ಚಿನವರೇನಲ್ಲದ ಆ ಟೀಚರ್, ಬಾಯಿಯ ಹತ್ತಿರ ಒಯ್ದಿದ್ದ ಬಿಸ್ಕತ್ತನ್ನು ಕೆಳಗಿಳಿಸಿ, ಅದರ ಆಮೆನ್‌ವರೆಗೂ ಕಾದರು.

ಈಗ ರಾತ್ರಿ ಮಕ್ಕಳಿಗೆ ಹೊದಿಕೆ ಸರಿಮಾಡುತ್ತಾ ಇವಳು ಹೇಳಿದಳು: "ಅವರು ಕಾದ್ರಲ್ಲಾ ರೀ. ಕಳಿಸೋಣ. ಮನೆಪಾಠ ಬೇಕಿರೋದು ನಿಮಗೆ."

ನಿಜ. ಟೀಚರ್ ಹಾಗೆ ಕಾಯುತ್ತಿದ್ದಾಗ ನಾನು ಎರಡನೇ ಬಿಸ್ಕತ್ತಿನಲ್ಲಿದ್ದೆ.